ಬೆಳಗದ ಕಲ್ಲು

ಕಾಗೆ ಬರಲಿಲ್ಲ.

ಹತ್ತನೆಯ ದಿನ ಬೆಲ್ಮಾರ್ ಕಡಲ ದಂಡೆಯಲ್ಲಿ ಬಾಳೆಲೆಯ ಮೇಲೆ ಪಿಂಡವಿಟ್ಟು, ಕೋಟಿನ ಜೇಬಿಗೆ ಕೈ ತುರುಕಿಕೊಂಡು ನಾವೆಲ್ಲ ಕಾದದ್ದೇ ಬಂತು. ಕೊನೆಗೆ ಬಂದದ್ದು ಒಂದು ಸೀಗಲ್ಲು. ಬೇಸಿಗೆಯಿಡೀ ಪ್ರವಾಸಿಗರ ಪಿಜ್ಜಾ ತಿಂದು ಕೊಬ್ಬಿದ್ದ ಆ ಹಕ್ಕಿ ಪಿಂಡವನ್ನು ಎರಡೇ ಗುಕ್ಕಿಗೆ ಮುಗಿಸಿ, ಇನ್ನೇನಿದೆ ಎಂಬಂತೆ ನಮ್ಮ ಮುಖ ನೋಡಿತು. "ಈ ದೇಶದಲ್ಲಿ ಇದೇ ಕಾಗೆ ಅಂತ ತಿಳ್ಕೊಳ್ಳಿ ಅನಸೂಯಮ್ಮ," ಎಂದರು ಕರ್ಮ ಮಾಡಿಸಿದ ಜಗದೀಶ ಭಟ್ಟರು. ನಾನೇನೋ ತಿಳಿದುಕೊಂಡೆ. ನನ್ನ ಗಂಡ ಪ್ರಾಣೇಶ್ ತಿಳಿದುಕೊಳ್ಳಬೇಕಲ್ಲ? ಕರಿಬೇವಿಲ್ಲದಿದ್ದರೆ ಒಗ್ಗರಣೆಯೇ ಬೇಡ ಎನ್ನುತ್ತಿದ್ದ ಮನುಷ್ಯ ಇವರು. ಬದಲಿ ಸಾಮಾನನ್ನು ಬದುಕಿದ್ದಾಗಲೇ ಒಪ್ಪಿದವರಲ್ಲ.

ಅದಾದ ಮೇಲೆ ಕಲ್ಲು. ಸತ್ತವರು ಹತ್ತು ದಿನ ಒಂದು ಕಲ್ಲಿನಲ್ಲಿ ಇರುತ್ತಾರೆ ಎಂಬುದು ನಮ್ಮಲ್ಲಿನ ನಂಬಿಕೆ. ಶ್ಮಶಾನದಿಂದ ಕಲ್ಲೊಂದನ್ನು ತಂದು, ಅವರ ಬಾಯಾರಿಕೆಗೆಂದು ದಿನವೂ ಎಳ್ಳುನೀರು ಬಿಟ್ಟು, ಹತ್ತನೆಯ ದಿನ ನೀರಿಗೆ ಹಾಕಬೇಕು. ಹಾಕಿದವನು ಹಿಂತಿರುಗಿ ನೋಡದೆ ಬರಬೇಕು. ನ್ಯೂಜೆರ್ಸಿಯಲ್ಲಿ ಶ್ಮಶಾನವೆಂದರೆ ಕಾರ್ಪೆಟ್ ಹಾಸಿದ ಕೋಣೆ, ಗೋಡೆಯ ಮೇಲೆ ಒತ್ತುವುದಕ್ಕೊಂದು ಗುಂಡಿ. ಅಲ್ಲಿ ಕಲ್ಲು ಎಲ್ಲಿಂದ ಬರಬೇಕು? ನಮ್ಮ ಮಗ ಆರ್ಯನ್ ಪಾರ್ಕಿಂಗ್ ಲಾಟಿನ ಪಕ್ಕ ಹೂವಿನ ಪಾತಿಗೆ ಅಲಂಕಾರಕ್ಕೆಂದು ಸುರಿದಿದ್ದ ನುಣುಪಾದ ಬಿಳಿಕಲ್ಲುಗಳಲ್ಲಿ ಒಂದನ್ನು ಎತ್ತಿಕೊಂಡು ಬಂದ. ಪ್ಲೇನ್ಸ್‌ಬರೋದ ನಮ್ಮ ಮನೆಯ ಗರಾಜಿನಲ್ಲಿ, ಮರಳು ತುಂಬಿದ ಅಲ್ಯೂಮಿನಿಯಂ ಟ್ರೇಯಲ್ಲಿ, ಹಿಮ ತೆಗೆಯುವ ಸಲಿಕೆಗೂ ಹಳೆಯ ಸೈಕಲ್ಲಿಗೂ ನಡುವೆ ಇವರು ಅಷ್ಟು ದಿನ ಕೂತರು.

ಆರ್ಯನ್ ಇಲ್ಲೇ ಹುಟ್ಟಿದ ಹುಡುಗ. ಉಪನಯನವಾದ ಮರುವಾರವೇ ಜನಿವಾರವನ್ನು, ಸ್ವಿಮ್ಮಿಂಗಿಗೆ ಅಡ್ಡಿ ಎಂದು, ತೆಗೆದು ಡ್ರಾಯರಿನಲ್ಲಿಟ್ಟವನು. ಈಗ ಕೆಲಸಕ್ಕೆ ಸೇರಿ ಎರಡು ವರ್ಷ. ಅಂಥವನು ಟ್ರೇಯ ಮುಂದೆ ಮಂಡಿಯೂರಿ ಕೂತು ಭಟ್ಟರನ್ನು ಕೇಳಿದ್ದ: "ಭಟ್ರು ಅಂಕಲ್, ಅಪ್ಪ ಲಿಟರಲಿ ಇದ್ರೊಳಗೆ ಇದಾರಾ?"

"ಹೌದಪ್ಪ. ಇದ್ರಲ್ಲೇ ಇದಾರೆ," ಎಂದರು ಭಟ್ಟರು. ಹಾಗೆನ್ನದೆ ಅವರಾದರೂ ಇನ್ನೇನು ಹೇಳಿಯಾರು?

ಬೆಲ್ಮಾರಿನಲ್ಲಿ ಅವನು ಆ ಕಲ್ಲು ಹಿಡಿದು ಅಲೆಗಳ ಅಂಚಿಗೆ ಒಬ್ಬನೇ ಇಳಿದು ಹೋದ. ನಾನೂ ನನ್ನ ನಾದಿನಿ ಪ್ರಭಾಳೂ ಬೆನ್ನು ತಿರುಗಿಸಿ ನಿಂತೆವು. ಭಟ್ಟರು ನೋಡಬೇಡ ಎಂದದ್ದು ಅವನಿಗೆ ಮಾತ್ರ. ನಮಗೆ ನೋಡುವ ಧೈರ್ಯವಿರಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಮೊದಲು ಬಂದದ್ದು ವಾಸನೆ. ಕಸ ಹಾಕಲೆಂದು ಗರಾಜಿನ ಬಾಗಿಲು ತೆರೆದೆ, ಮುಖಕ್ಕೆ ರಾಚಿತು. ಪಟಾಕಿ ಹೊಡೆದ ಬೀದಿಯಲ್ಲಿ ಮರುದಿನ ಬೆಳಗ್ಗೆ ಉಳಿದಿರುತ್ತದಲ್ಲ, ಅಂಥ ಸುಟ್ಟ ವಾಸನೆ. ಬೇರೆಯವರಾಗಿದ್ದರೆ ವೈರು ಸುಟ್ಟಿತೇನೋ ಎಂದು ಹೆದರುತ್ತಿದ್ದರು. ನಾನು ಬೇರೆ ಕಾರಣಕ್ಕೆ ಹೆದರಿದೆ. ಅದು ಬೆಣಚುಕಲ್ಲು ಉಜ್ಜಿದ ವಾಸನೆ. ಮೂವತ್ತು ವರ್ಷ ಇವರ ಕೈಯಲ್ಲಿ ಮೂಸಿದ್ದೇನೆ.

ಇವರಿಗೆ ಅದೊಂದು ಹುಚ್ಚು. ಮಾತ್ರೆ ತಯಾರಿಸುವ ಕಂಪನಿಯಲ್ಲಿ ಹರಳುಗಳ ವಿಜ್ಞಾನಿ ಎಂದು ದೊಡ್ಡ ಹೆಸರೇನೋ ಇತ್ತು. ಬುದ್ಧಿ ಮಾತ್ರ ಮೈಸೂರಿನ ಬಯಲಲ್ಲಿ ಬಿಳಿ ಬೆಣಚುಕಲ್ಲು ಆಯುತ್ತಿದ್ದ ವಯಸ್ಸಿನದ್ದೇ. ಪ್ರತಿ ಬೇಸಿಗೆ ಕೇಪ್ ಮೇ ತೀರಕ್ಕೆ ಡ್ರೈವ್ ಮಾಡಿ, ಉಳಿದವರೆಲ್ಲ ಸಮುದ್ರ ನೋಡುವಾಗ ಇವರು ನೆಲ ನೋಡುತ್ತ ನಡೆದು, ಜೇಬು ಜೋತುಬೀಳುವಷ್ಟು ಬೆಣಚುಕಲ್ಲು ತುಂಬಿಕೊಂಡು ಬರುತ್ತಿದ್ದರು. ಮನೆಗೆ ಯಾರೇ ಊಟಕ್ಕೆ ಬರಲಿ, ಬಿಸಿಬೇಳೆಬಾತ್ ಇಳಿಯುವ ಮೊದಲೇ ಅವರನ್ನೆಲ್ಲ ಕೆಳಗಿನ ಕಿಟಕಿಯಿಲ್ಲದ ಪುಟ್ಟ ಬಾತ್‌ರೂಮಿಗೆ ತುಂಬಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ದೀಪ ಆರಿಸಿ, ಎರಡು ಕಲ್ಲು ಉಜ್ಜುತ್ತಿದ್ದರು. ಕಲ್ಲಿನ ಒಳಗಿನಿಂದ ಕಿತ್ತಳೆ ಬಣ್ಣದ ಬೆಳಕು ಹೊಮ್ಮಿ ಆರುತ್ತಿತ್ತು. ಇದು ಬೆಂಕಿಯಲ್ಲ, ಸಿಂಕಿನ ನೀರಿನಲ್ಲಿ ಮುಳುಗಿಸಿ ಉಜ್ಜಿದರೂ ಬೆಳಗುತ್ತದೆ ಎಂದು ಅದನ್ನೂ ಮಾಡಿ ತೋರಿಸುವುದು. ಆಮೇಲೆ ಇಕ್ಕಳದಲ್ಲಿ ಕಲ್ಲುಸಕ್ಕರೆ ಮುರಿದು ಅದರ ನೀಲಿ ಮಿಂಚು. ಹರಳು ಮುರಿದಾಗ ಒಳಗಿನ ವಿದ್ಯುತ್ತು ಎರಡು ಪಾಲಾಗುತ್ತದೆ, ಆ ಪಾಲುಗಳು ಮತ್ತೆ ಕೂಡಿಕೊಳ್ಳುವಾಗ ಬೆಳಕು ಬರುತ್ತದೆ ಎಂದು ವಿವರಣೆ. ಪೂರ್ತಿ ಹೀಗೇ ಎಂದು ಇನ್ನೂ ಯಾರಿಗೂ ಗೊತ್ತಿಲ್ಲ ಎಂದು ಸೇರಿಸುವಾಗ ಮಾತ್ರ ಇವರ ಮುಖ ಅರಳುತ್ತಿತ್ತು. ಅಡುಗೆ ಮಾಡಿ ದಣಿದ ನಾನು ಹೊರಗೆ ನಿಂತು, ಅವರನ್ನ ಈಚೆ ಬಿಡಿ, ಪಾಯಸ ಆರ್ತಾ ಇದೆ ಎಂದು ಕೂಗುತ್ತಿದ್ದೆ.

ಅಂಥವರು ಅಕ್ಟೋಬರಿನ ಒಂದು ಬೆಳಗ್ಗೆ ಪ್ರಿನ್ಸ್‌ಟನ್ ಜಂಕ್ಷನ್ ಪ್ಲಾಟ್‌ಫಾರ್ಮಿನಲ್ಲಿ ರೈಲಿಗೆ ಕಾಯುತ್ತ ಕುಸಿದುಬಿದ್ದರು. ನನಗೆ ಫೋನ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವಾಸನೆಯ ಹಿಂದೆಯೇ ಸದ್ದು ಶುರುವಾಯಿತು. ನಾಲ್ಕೂವರೆಗೆಲ್ಲ ಕತ್ತಲಾಗುವ ಕಾಲ ಅದು. ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟು ನಿಂತಿದ್ದರೆ ಗೋಡೆಯೊಳಗಿನಿಂದ ಕರ್, ಕರ್ ಎಂದು ಕೇಳುತ್ತಿತ್ತು. ಅಡುಗೆಮನೆಯ ಆಚೆ ಗರಾಜು, ಗರಾಜಿನ ಮೇಲೆ ಆರ್ಯನ್ ಕೋಣೆ. ಓಡಿಹೋಗಿ ಗರಾಜಿನ ದೀಪ ಹಾಕಿದರೆ ಯಾರೂ ಇಲ್ಲ. ಇವರ ಕಲ್ಲುಗಳು ತುಂಬಿದ ನೀಲಿ ಪ್ಲಾಸ್ಟಿಕ್ ಟಬ್ಬು ಶೆಲ್ಫಿನ ಮೇಲೆ ಇದ್ದಲ್ಲೇ ಇರುತ್ತಿತ್ತು. ಮೂರನೆಯದು ಕರಿಎಳ್ಳು. ಕರ್ಮಕ್ಕೆಂದು ತಂದು ಉಳಿದದ್ದನ್ನು ಮೇಲಿನ ಅಟ್ಟಣಿಗೆಯಲ್ಲಿ ಇಟ್ಟಿದ್ದೆ. ಅಡುಗೆಗೆ ಬಳಸುವುದಿಲ್ಲ, ನಾನಂತೂ ಮುಟ್ಟಿರಲಿಲ್ಲ. ಆದರೂ ಡಬ್ಬಿಯಲ್ಲಿ ಎಳ್ಳು ಇಳಿಯುತ್ತಾ ಇತ್ತು. ಇವರಿಗೆ ಇನ್ನೂ ಬಾಯಾರಿಕೆ ಹೋಗಿಲ್ಲ ಎಂದುಕೊಂಡೆ.

ನನ್ನ ಪಾಡಿಗೆ ನಾನು ಹೇಗೋ ಸಹಿಸುತ್ತಿದ್ದೆ. ಗಂಡ ದೆವ್ವವಾಗಿ ಬಂದರೂ ಗಂಡನೇ. ನನಗೆ ಸಹಿಸಲಾಗದೇ ಹೋದದ್ದು ಮಗನ ಅವಸ್ಥೆ. ಜರ್ಸಿ ಸಿಟಿಯ ಅಪಾರ್ಟ್‌ಮೆಂಟಿಗೆ ಮರಳದೆ, ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಮೇಲಿನ ಕೋಣೆ ಸೇರಿದ್ದ. ತಟ್ಟೆಯಲ್ಲಿ ಹಾಕಿದ್ದು ತಟ್ಟೆಯಲ್ಲೇ ಉಳಿಯುತ್ತಿತ್ತು. ಕಣ್ಣಿನ ಕೆಳಗೆ ಕಪ್ಪು, ಜೀನ್ಸು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಮಾತಾಡಿಸಿದರೆ "ಐ ಆಮ್ ಫೈನ್, ಅಮ್ಮ," ಎಂದು ತಲೆಮುಸುಕಿನ ಹೂಡಿಯ ಜೇಬಿಗೆ ಕೈ ಹಾಕಿಕೊಂಡು ಎದ್ದುಹೋಗುತ್ತಿದ್ದ. ಡಾಕ್ಟರು ಗ್ರೀಫ್ ಎಂದರು, ಮಾತ್ರೆ ಬರೆದರು. ನನಗೆ ಗೊತ್ತಿತ್ತು. ಹೋಗಬೇಕಾದವರು ಹೋಗದೆ ಮನೆಯಲ್ಲೇ ಇದ್ದರೆ ಅದರ ಭಾರ ಬೀಳುವುದು ಮಗನ ಮೇಲೆ. ಇವರನ್ನು ಕಳಿಸದಿದ್ದರೆ ನನ್ನ ಹುಡುಗ ನನಗೆ ಉಳಿಯುವುದಿಲ್ಲ.

ಒಂದು ದಿನ ಧೈರ್ಯ ಮಾಡಿ ಟಬ್ಬಿಗೆ ಕೈ ಹಾಕಿದೆ. ಕಲ್ಲುಗಳ ಸಂದಿಯಲ್ಲಿ ಒಂದು ಕರಿಎಳ್ಳು ಅಂಟಿಕೊಂಡಿತ್ತು.

ತಕ್ಷಣ ಹೊಳೆಯಿತು. ಟ್ರೇಯಲ್ಲಿದ್ದ ಕಲ್ಲೂ ಬಿಳಿ, ಟಬ್ಬಿನಲ್ಲಿರುವವೂ ಬಿಳಿ, ಎಲ್ಲ ನುಣುಪು, ಎಲ್ಲ ಒಂದೇ ಗಾತ್ರ. ಅದಲುಬದಲಾಗಿದೆ. ಸಮುದ್ರಕ್ಕೆ ಬಿದ್ದದ್ದು ಬರೀ ಕಲ್ಲು. ಇವರಿರುವ ಕಲ್ಲು ಇಲ್ಲೇ ಟಬ್ಬಿನಲ್ಲಿದೆ. ಮತ್ತೆ ಯಾರು ಮಾಡಿದ್ದು ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಒಂಬತ್ತನೆಯ ದಿನ ಹಿಕ್ಸ್‌ವಿಲ್‌ನಿಂದ ಬಂದ ಪ್ರಭಾ ಗರಾಜು ಗುಡಿಸಿದ್ದಳು. ಕೈಗೆ ಸಿಕ್ಕಿದ್ದನ್ನೆಲ್ಲ ತೊಳೆಯುವ ಹೆಂಗಸು ಅವಳು, ಕೊರೋನಾ ಕಾಲದಲ್ಲಿ ಬಾಳೆಹಣ್ಣಿಗೂ ಸೋಪು ಹಚ್ಚಿದವಳು. ಫೋನ್ ಮಾಡಿದೆ.

"ಪ್ರಭಾ, ಅವತ್ತು ಗರಾಜ್ ಕ್ಲೀನ್ ಮಾಡೋವಾಗ ಆ ಕಲ್ಲು ತೆಗೆದು ತೊಳೆದ್ಯಾ?"

"ಇಲ್ಲ ಅತ್ತಿಗೆ. ಟ್ರೇ ಹತ್ರಾನೂ ಹೋಗ್ಲಿಲ್ಲ."

"ನಿಜ ಹೇಳು. ಬೈಯಲ್ಲ."

"ನಮ್ಮಣ್ಣನ್ನ ತೊಳೆದಿಡ್ತೀನಾ ಅತ್ತಿಗೆ ನಾನು?" ಎಂದವಳು ಅತ್ತೇಬಿಟ್ಟಳು. ನಾನು ಫೋನಿಟ್ಟೆ. ಅತ್ತಳು ಎಂದ ಮೇಲೆ ಅವಳೇ ಎಂದು ತೀರ್ಮಾನಿಸಿಕೊಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವಳಲ್ಲ.

ಭಟ್ಟರು ಸಮಾಧಾನದವರು. "ಮಂತ್ರ ಎಲ್ಲ ಸರಿಯಾಗಿ ಆಗಿದೆ, ಅಂಥಾ ದೋಷವೇನೂ ಇಲ್ಲ ಅನಸೂಯಮ್ಮ. ಆದ್ರೆ ನಿಮ್ಮ ಮನಸ್ಸು ಒಪ್ಪಲ್ಲ ಅಂದ್ರೆ ಆ ಕಲ್ಲು ಹುಡುಕಿ, ಎಳ್ಳುನೀರು ಬಿಟ್ಟು, ಮಗನ ಕೈಲಿ ಸಮುದ್ರಕ್ಕೆ ಹಾಕಿಸ್ಬಿಡಿ," ಎಂದರು. "ಆದ್ರೆ ಹುಡುಕೋದು ಹೇಗೆ? ಎಲ್ಲಾ ಒಂದೇ ಥರ ಇವೆ ಅಂತೀರಲ್ಲ."

ಅದನ್ನು ಬದುಕಿದ್ದಾಗ ಹೇಳಿಕೊಟ್ಟವರು ಇವರೇ. ಯಾವುದೋ ಮಾಲಿನ ಮುಂದಿನ ಹೂವಿನ ಪಾತಿಯಿಂದ ಅಂಥದ್ದೇ ಬಿಳಿಕಲ್ಲು ಎತ್ತಿಕೊಂಡು ಬಂದು, ಬಾತ್‌ರೂಮಿನಲ್ಲಿ ಉಜ್ಜಿ, ಮುಖ ಸಿಂಡರಿಸಿಕೊಂಡು ಹೊರಬಂದಿದ್ದರು. "ಇದು ಅಮೃತಶಿಲೆ ಕಣೇ. ಸುಣ್ಣದ ಜಾತಿ. ಎಷ್ಟು ಉಜ್ಜಿದ್ರೂ ಪುಡಿ ಉದುರತ್ತೆ, ಬೆಳಗಲ್ಲ." ಕೇಪ್ ಮೇ ಕಲ್ಲುಗಳೆಲ್ಲ ಬೆಳಗುತ್ತವೆ. ಶ್ಮಶಾನದ್ದು ಬೆಳಗುವುದಿಲ್ಲ. ಟಬ್ಬಿನಲ್ಲಿ ಯಾವ ಕಲ್ಲು ಕತ್ತಲೆಯಾಗಿಯೇ ಉಳಿಯುತ್ತದೋ ಅದೇ ಇವರು.

ಶನಿವಾರ ಊಟವಾದ ಮೇಲೆ ಆರ್ಯನ್‌ಗೆ ಎಲ್ಲವನ್ನೂ ಹೇಳಿದೆ. ಅವನು ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಮುಖ ಬಿಳಿಚಿಕೊಂಡಿತು, ಕೈ ಹೂಡಿಯ ಜೇಬಿಗೆ ಹೋಯಿತು. "ಲೀವ್ ಇಟ್, ಅಮ್ಮ. ಪ್ಲೀಸ್."

"ಬಿಡೋಕಾಗಲ್ಲ. ನಿನ್ನ ಮುಖ ನೋಡ್ಕೊಂಡಿದ್ಯಾ ಕನ್ನಡೀಲಿ? ಬಾ."

ಬಾತ್‌ರೂಮಿನ ಬಾಗಿಲು ಹಾಕಿ, ಇವರು ಮಾಡುತ್ತಿದ್ದಂತೆಯೇ ಸಂದಿಗೆ ಟವೆಲ್ ತುರುಕಿ, ದೀಪ ಆರಿಸಿದೆ. ಹಗಲಿನಲ್ಲೂ ಅಲ್ಲಿ ಗವ್ವೆನ್ನುವ ಕತ್ತಲು. ಟಬ್ಬನ್ನು ಕಮೋಡಿನ ಮುಚ್ಚಳದ ಮೇಲಿಟ್ಟು ನಾನು ನೆಲದ ಮೇಲೆ ಕೂತೆ. ಆರ್ಯನ್ ಬಾಗಿಲಿಗೆ ಒರಗಿ ನಿಂತಿದ್ದ, ಅವನ ಉಸಿರು ಮಾತ್ರ ಕೇಳಿಸುತ್ತಿತ್ತು. ಕಣ್ಣು ಹೊಂದಿಕೊಳ್ಳಲಿ ಎಂದು ಸ್ವಲ್ಪ ಹೊತ್ತು ಕಾದೆವು. ಪಾಯಸ ಆರ್ತಾ ಇದೆ ಎಂದು ಯಾರಾದರೂ ಹೊರಗಿನಿಂದ ಕೂಗಬಾರದೇ ಅನ್ನಿಸಿತು.

ಇವರ ನೆಚ್ಚಿನ ದೊಡ್ಡ ಕಲ್ಲನ್ನು ಎಡಗೈಯಲ್ಲಿ ಹಿಡಿದು, ಟಬ್ಬಿನಿಂದ ಒಂದೊಂದನ್ನೇ ತೆಗೆದು ಅದಕ್ಕೆ ಉಜ್ಜಿದೆ. ಮೊದಲನೆಯದು ಬೆಳಗಿತು. ಅಂಗೈ ಹಿಂದೆ ಟಾರ್ಚು ಹಿಡಿದಂತೆ ಒಳಗೆಲ್ಲ ಕೆಂಪಾಗಿ, ಬೆರಳ ತುದಿ ಕಾಣಿಸಿ, ಆರಿತು. ಬೆಳಗಿದ್ದನ್ನು ಮಡಿಲಿಗೆ ಹಾಕಿಕೊಂಡೆ. ಮುಂದಿನದೂ ಬೆಳಗಿತು. ಅದರ ಮುಂದಿನದೂ. ಆ ಸುಟ್ಟ ವಾಸನೆ ಕೋಣೆಯಲ್ಲೆಲ್ಲ ತುಂಬಿಕೊಂಡಿತು. ಇವರು ಪಕ್ಕದಲ್ಲೇ ನಿಂತಂತಿತ್ತು, ತಿರುಗಿ ನೋಡಲು ಕತ್ತು ಹೊರಳಿಸಿದೆ ಕೂಡ.

ಉಜ್ಜುತ್ತ ಉಜ್ಜುತ್ತ ನನಗೆ ನನ್ನ ಮನಸ್ಸು ಗೊತ್ತಾಯಿತು. ಪ್ರತಿ ಕಲ್ಲನ್ನು ಎತ್ತುವಾಗಲೂ ಇದು ಬೆಳಗದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಕಳಿಸಬೇಕು ಎಂದು ಹುಡುಕಲು ಕೂತವಳಿಗೆ ಸಿಕ್ಕರೆ ಸಾಕಾಗಿತ್ತು. ಒಂದೇ ಒಂದು ಸಲ ಕೈಯಲ್ಲಿ ಹಿಡಿದುಕೊಂಡರೆ ಸಾಕು. ಮೇಲಿಂದ ಮೇಲೆ ಬೆಳಕು ಬಂತು. ಕೊನೆಗೆ ಟಬ್ಬಿನ ತಳ ಬೆರಳಿಗೆ ತಗುಲಿತು. ಉಳಿದ ಒಂದನ್ನು ಉಜ್ಜಿದೆ. ಎಲ್ಲಕ್ಕಿಂತ ಚೆನ್ನಾಗಿ ಬೆಳಗಿತು.

ಹಾಗಾದರೆ ಇವರು ಹೋಗಿದ್ದಾರೆ. ಅವತ್ತೇ ಹೋಗಿದ್ದಾರೆ. ವಾಸನೆ, ಸದ್ದು, ಎಳ್ಳು ಎಲ್ಲ ನನ್ನ ಭ್ರಮೆ. ಇವರು ಈ ಮನೆಯಲ್ಲಿ ಇರಲೇ ಇಲ್ಲ, ಇಷ್ಟು ದಿನವೂ. ಮಡಿಲ ತುಂಬ ಕಲ್ಲು ಇಟ್ಟುಕೊಂಡು ನಾನು ಜೋರಾಗಿ ಅತ್ತುಬಿಟ್ಟೆ. ಪ್ಲಾಟ್‌ಫಾರ್ಮಿನಿಂದ ಫೋನ್ ಬಂದ ದಿನವೂ ಹಾಗೆ ಅತ್ತಿರಲಿಲ್ಲ.

"ಅಮ್ಮ, ಅಳ್ಬೇಡ," ಎಂದ ಆರ್ಯನ್ ಕತ್ತಲೆಯಲ್ಲಿ. "ಹೀ ಈಸ್ ನಾಟ್ ಇನ್ ದೇರ್."

ಅವನು ನನ್ನ ಪಕ್ಕ ಕೂತ. ನನ್ನ ಎಡಗೈಯಿಂದ ದೊಡ್ಡ ಕಲ್ಲು ತೆಗೆದುಕೊಂಡ. ಕರ್, ಕರ್ ಎಂಬ ಸದ್ದು ಬಂತು. ಸಂಜೆಗಳಲ್ಲಿ ಗೋಡೆಯೊಳಗಿಂದ ಬರುತ್ತಿದ್ದದ್ದು ಅದೇ ಸದ್ದು. ಬೆಳಕು ಬರಲಿಲ್ಲ. ಅವನು ಮತ್ತೆ ಉಜ್ಜಿದ. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ ಕತ್ತಲು. ಆಮೇಲೆ ನನ್ನ ಅಂಗೈಯಲ್ಲಿ ಒಂದು ಕಲ್ಲು ಇಟ್ಟ. ಇಷ್ಟು ಹೊತ್ತು ಮುಟ್ಟಿದ ಕಲ್ಲುಗಳೆಲ್ಲ ಗರಾಜಿನ ಚಳಿಗೆ ಕೊರೆಯುತ್ತಿದ್ದವು. ಇದು ಬೆಚ್ಚಗಿತ್ತು.

ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ ನಾನು.

"ಬೀಚಲ್ಲಿ ಹಾಕಿದ್ದು ಕೇಪ್ ಮೇ ಕಲ್ಲು," ಎಂದ. "ಅವತ್ತು ಬೆಳಗ್ಗೆ ಟಬ್‌ನಿಂದ ತಗೊಂಡೆ. ಸಾರಿ, ಅಮ್ಮ."

"ಯಾಕೋ?"

ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ, ತಡೆದು ತಡೆದು ಹೇಳಿದ. ಅಪ್ಪ ಪ್ಲಾಟ್‌ಫಾರ್ಮಿನಲ್ಲಿ ಬಿದ್ದಾಗ ಸುತ್ತ ಅಷ್ಟೊಂದು ಜನ ಇದ್ದರು. ಎಲ್ಲರೂ ಫೋನ್ ನೋಡುತ್ತಿದ್ದರು, ಇಲ್ಲ ರೈಲು ಲೇಟೇ ಎಂದು ಬೋರ್ಡ್ ನೋಡುತ್ತಿದ್ದರು. ಬಿದ್ದದ್ದನ್ನು ನೋಡಿದವರು ಒಬ್ಬರೂ ಇಲ್ಲ ಎಂದು ಪೊಲೀಸಿನವರೇ ಅವನಿಗೆ ಹೇಳಿದ್ದರು. "ನೋಬಡಿ ವಾಸ್ ಲುಕಿಂಗ್, ಅಮ್ಮ. ಆಮೇಲೆ ಭಟ್ರು ಅಂಕಲ್ ಅಪ್ಪ ಇದ್ರಲ್ಲೇ ಇದಾರೆ ಅಂತಾರೆ. ನೀರಿಗೆ ಹಾಕು, ಡೋಂಟ್ ಲುಕ್ ಬ್ಯಾಕ್ ಅಂತಾರೆ. ಮತ್ತೆ ನಾನೂ ನೋಡ್ದೆ ಬರ್ಬೇಕಾ? ಎಗೇನ್?"

ಅಲ್ಲಿಂದ ಮುಂದೆ ಕಲ್ಲು ಅವನ ಜೇಬಿನಲ್ಲೇ. ದಿನವೂ ಎಳ್ಳುನೀರು ಬಿಟ್ಟಿದ್ದಾನೆ, ಮಂತ್ರ ಬರದೆ ಬರೀ ಸಾರಿ ಅಪ್ಪ ಎಂದು ಹೇಳಿಕೊಂಡು. ದಿನವೂ ಸಂಜೆ ಮೇಲಿನ ಕೋಣೆಯಲ್ಲಿ, ಅವತ್ತೇ ಟಬ್ಬಿನಿಂದ ತೆಗೆದಿಟ್ಟುಕೊಂಡ ಇನ್ನೊಂದು ಕಲ್ಲಿಗೆ ಉಜ್ಜಿದ್ದಾನೆ. ಅಮೃತಶಿಲೆ ಬೆಳಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ಅಪ್ಪನ ಮಗನಲ್ಲವೇ. ಅಪ್ಪ ಒಳಗಿರುವುದು ನಿಜವಾದರೆ ಈ ಕಲ್ಲು ಒಂದು ಸಲವಾದರೂ ಬೆಳಗುತ್ತದೆ ಎಂದುಕೊಂಡಿದ್ದ. ನಾನು ಹೆಬ್ಬೆರಳಿನಿಂದ ಸವರಿ ನೋಡಿದೆ. ಕಲ್ಲಿನ ಒಂದು ಬದಿ ಸವೆದು ಚಪ್ಪಟೆಯಾಗಿತ್ತು.

"ಗರಾಜಲ್ಲೂ ಉಜ್ತಿದ್ಯಾ? ವಾಸನೆ ಬರ್ತಿತ್ತಲ್ಲೋ."

"ಗರಾಜಿಗಾ? ನೋ. ಅವತ್ತಿಂದ ನಾನು ಒಳಗೆ ಕಾಲೇ ಇಟ್ಟಿಲ್ಲ."

ನಾನು ಮತ್ತೆ ಕೇಳಲಿಲ್ಲ.

ಬೆನ್ನಿಗೆ ನಾಲ್ಕು ಬಾರಿಸಬೇಕು ಅನ್ನಿಸಿದ್ದು ನಿಜ. ತಬ್ಬಿಕೊಳ್ಳಬೇಕು ಅನ್ನಿಸಿದ್ದೂ ನಿಜ. ಎರಡನ್ನೂ ಮಾಡದೆ ದೀಪ ಹಾಕಿದೆ. ಬೆಳಕಿನಲ್ಲಿ ಅವನ ಕಣ್ಣು ಕೆಂಪಗಿದ್ದವು, ಹೂಡಿಯ ಮೇಲೆಲ್ಲ ಬಿಳಿ ಪುಡಿ. ಉಜ್ಜಿ ಉಜ್ಜಿ ಅಪ್ಪನನ್ನೇ ಸವೆಸುತ್ತ ಕೂತಿದ್ದಾನೆ, ಅಪ್ಪ ಇವನನ್ನು ಸವೆಸುತ್ತಿದ್ದಾರೆ. ಇನ್ನೊಂದು ದಿನ ಬಿಟ್ಟರೆ ಇಬ್ಬರೂ ಉಳಿಯುವುದಿಲ್ಲ.

"ಏಳು, ಕಾರ್ ತೆಗಿ," ಎಂದೆ.

ನಾವು ಬೆಲ್ಮಾರ್ ಮುಟ್ಟಿದಾಗ ಬೆಳಕು ಇಳಿಯುತ್ತಿತ್ತು. ದಂಡೆಯ ಮೇಲೆ ಯಾರೂ ಇರಲಿಲ್ಲ. ದಾರಿಯುದ್ದಕ್ಕೂ ಕಲ್ಲು ನನ್ನ ಮುಷ್ಟಿಯಲ್ಲಿತ್ತು. ಏನೆಲ್ಲ ಹೇಳಬೇಕು ಎಂದುಕೊಂಡಿದ್ದೆ. ಕೊನೆಗೆ ಮನಸ್ಸಿನಲ್ಲೇ ಹೇಳಿದ್ದು ಪ್ರಭಾಳನ್ನು ಸುಮ್ಮನೆ ಅಳಿಸಿದೆ ಎಂಬುದೊಂದನ್ನೇ. ಬಾಟಲಿಯ ನೀರಿಗೆ ಎಳ್ಳು ಹಾಕಿ ಆರ್ಯನ್ ಕೈಯಿಂದ ಕಲ್ಲಿನ ಮೇಲೆ ಮೂರು ಸಲ ಬಿಡಿಸಿದೆ. ಆಮೇಲೆ ಕಲ್ಲನ್ನು ಅವನ ಕೈಗಿಟ್ಟೆ.

ಅವನು ಕದಲಲಿಲ್ಲ. "ಐ ಕಾಂಟ್, ಅಮ್ಮ. ನೋಡ್ದೆ ಬರಕ್ಕಾಗಲ್ಲ."

"ನೋಡ್ಬೇಡ ಅಂತ ಭಟ್ರು ಹೇಳಿದ್ದು ಕರ್ಮ ಮಾಡೋನಿಗೆ. ನಿನಗೆ," ಎಂದೆ. "ನನಗೆ ಯಾರೇನು ಹೇಳಿದಾರೆ? ಹೆಂಗಸರನ್ನ ಇದ್ರಲ್ಲಿ ಕೇಳೋರ್ಯಾರು? ನೀನು ಹಾಕಿ, ತಿರುಗಿ ಕಾರಿನ ಹತ್ರ ಹೋಗು. ನಾನು ನೋಡ್ತೀನಿ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಶೂ ಬಿಚ್ಚಿ, ಆ ಚಳಿಯಲ್ಲಿ ಮೊಳಕಾಲು ನೆನೆಯುವವರೆಗೆ ನೀರಿಗಿಳಿದ. ತೋಳು ಬೀಸಿದ. ತಿರುಗಿದವನು ನನ್ನನ್ನು ದಾಟಿ, ತಲೆ ಎತ್ತದೆ, ಅಳುತ್ತ ಮೇಲೆ ಹತ್ತಿಹೋದ.

ಬಿಳಿಯ ಚುಕ್ಕೆಯೊಂದು ಅಲೆಯ ಮೇಲೆ ಹಾರಿ, ಇಳಿದು, ನೀರಿಗೆ ತಾಗಿದ್ದನ್ನು ನಾನು ನೋಡಿದೆ. ಬೆಳಕೇನೂ ಬರಲಿಲ್ಲ. ಅಲೆ ಬಂದು ಆ ಜಾಗವನ್ನು ಮುಚ್ಚಿತು. ಆಮೇಲೂ ನಾನು ಕಣ್ಣು ಕೀಳಲಿಲ್ಲ. ಮೇಲಿಂದ ಮಗ "ಅಮ್ಮ, ಹೋದ್ರಾ?" ಎಂದು ಕೂಗಿ ಕೇಳಿದ.

"ಹೋಗ್ತಾ ಇದಾರೆ," ಎಂದೆ. "ನೋಡ್ತಾ ಇದೀನಿ."